ಕ್ಯಾನ್ಸರ್‌ಗೆ ಔಷಧ ಸಿಕ್ಕಿತಂತೆ! ಯಾವ ಕ್ಯಾನ್ಸರ್‌ಗೆ?

ನೋಡಿ, ವರ್ಷಕ್ಕೆ ಏನಿಲ್ಲವೆಂದರೂ ನಾಲ್ಕೈದು ಸಲ ಕ್ಯಾನ್ಸರ್‌ಗೆ ಔಷಧ ಸಿಗುತ್ತೆ. ಟೀವಿಯಲ್ಲಿ! ಕೆಂಪು ಪಟ್ಟಿ ಬರುತ್ತೆ, ಅದರ ಮೇಲೆ ಬಿಳಿ ಅಕ್ಷರ ಓಡುತ್ತೆ, ಹಿಂದೆ ಢಂ ಅಂತ ಮ್ಯೂಸಿಕ್ಕು. ಮಾರನೇ ದಿನ ಚುನಾವಣೆಯೋ ಕ್ರಿಕೆಟ್ಟೋ ಬಂದು ಆ ಸುದ್ದಿ ಮಾಯ. ಆದರೆ ಮನೆಯಲ್ಲಿ ಕಾಯಿಲೆಯವರನ್ನ ಮಲಗಿಸಿಕೊಂಡು ಟೀವಿ ಮುಂದೆ ಕೂತ ಕುಟುಂಬ ಇರುತ್ತಲ್ಲ, ಅವರಿಗೆ ಅದು ಮಾಯ ಆಗಲ್ಲ. ಅವರು ಆ ಹೆಸರನ್ನ ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಳ್ತಾರೆ.

ಅಂಥ ಒಂದು ಹೆಸರು ಕಾರ್-ಟಿ ಸೆಲ್ ಥೆರಪಿ. ಇದು ಸುಳ್ಳು ಸುದ್ದಿಯಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಐಐಟಿ ಬಾಂಬೆಗೆ ಹೋಗಿ, ನಮ್ಮ ದೇಶದಲ್ಲೇ ತಯಾರಾದ ಇಂಥ ಮೊದಲ ಚಿಕಿತ್ಸೆಯನ್ನು ಲೋಕಾರ್ಪಣೆ ಮಾಡಿದರು. ನೆಕ್ಸ್‌ಕಾರ್19 ಅಂತ ಹೆಸರು. ಹೆಮ್ಮೆಪಡುವ ವಿಷಯವೇ. ಆದರೆ ಹೆಮ್ಮೆ ಬೇರೆ, ತಿಳಿವಳಿಕೆ ಬೇರೆ. ಯಾರಿಗೆ ಈ ಚಿಕಿತ್ಸೆ? ಎಷ್ಟು ಜನಕ್ಕೆ ಕೆಲಸ ಮಾಡುತ್ತೆ? ಎಷ್ಟು ದಿನ? ದುಡ್ಡೆಷ್ಟು? ಈ ನಾಲ್ಕು ಪ್ರಶ್ನೆಗೆ ಕೆಂಪು ಪಟ್ಟಿಯಲ್ಲಿ ಜಾಗ ಇರಲ್ಲ.

ಮೊದಲು, ಇದು ಏನು ಅಂತ ನೋಡೋಣ. ಕಾರ್ ಅಂದರೆ ನಾವು ಓಡಿಸೋ ಕಾರಲ್ಲ. ಕೈಮೆರಿಕ್ ಆ್ಯಂಟಿಜೆನ್ ರಿಸೆಪ್ಟರ್ ಎಂಬ ಉದ್ದನೆಯ ಹೆಸರಿನ ಮೊದಲ ಅಕ್ಷರಗಳು ಅವು. ಮನೆ ಕಾಯೋ ನಾಯಿ ಇದೆ ಅಂದುಕೊಳ್ಳಿ. ಹೊರಗಿನವರು ಬಂದರೆ ಬೊಗಳುತ್ತೆ, ಕಚ್ಚುತ್ತೆ. ಆದರೆ ಮನೆ ಮಗನೇ ರಾತ್ರಿ ಎದ್ದು ಬೀರು ಒಡೆದರೆ? ಬಾಲ ಅಲ್ಲಾಡಿಸಿಕೊಂಡು ಪಕ್ಕದಲ್ಲಿ ನಿಂತಿರುತ್ತೆ. ನಮ್ಮ ರಕ್ತದಲ್ಲಿರುವ ಟಿ ಕಣಗಳು ಆ ನಾಯಿ ಇದ್ದ ಹಾಗೆ. ವೈರಸ್ ಬಂದರೆ ಹಿಡಿದು ಕೊಲ್ಲುತ್ತವೆ. ಕ್ಯಾನ್ಸರ್ ಕಣ ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಕಣ ಕೆಟ್ಟು ಆದದ್ದು. ಹಾಗಾಗಿ ಎಷ್ಟೋ ಸಲ ಟಿ ಕಣಕ್ಕೆ ಅದು ಮನೆಯವನ ಹಾಗೇ ಕಾಣುತ್ತೆ.

ಈ ಚಿಕಿತ್ಸೆಯಲ್ಲಿ ಏನು ಮಾಡ್ತಾರೆ? ರೋಗಿಯ ರಕ್ತವನ್ನ ಒಂದು ಯಂತ್ರದ ಮೂಲಕ ಹಾಯಿಸಿ ಟಿ ಕಣಗಳನ್ನ ಬೇರ್ಪಡಿಸ್ತಾರೆ. ಪ್ಲೇಟ್‌ಲೆಟ್ ದಾನ ಮಾಡಿದವರು ಅಂಥ ಯಂತ್ರ ನೋಡಿರ್ತೀರಿ. ಆ ಕಣಗಳನ್ನ ಲ್ಯಾಬ್‌ಗೆ ಒಯ್ದು, ರೋಗ ತರುವ ಶಕ್ತಿ ತೆಗೆದುಹಾಕಿದ ಒಂದು ವೈರಸ್‌ನ ಬೆನ್ನ ಮೇಲೆ ಹೊಸ ಜೀನ್ ಹೇರಿ ಒಳಗೆ ಕಳಿಸ್ತಾರೆ. ಆಗ ಟಿ ಕಣದ ಮೇಲೆ ಒಂದು ಹೊಸ ಮೂಗು ಮೂಡುತ್ತೆ. "ಸಿಡಿ19 ಅನ್ನೋ ವಾಸನೆ ಎಲ್ಲಿ ಬಂದರೂ ಹಿಡಿ" ಎಂಬುದು ಅದಕ್ಕೆ ಕಲಿಸಿದ ಪಾಠ. ಅವುಗಳನ್ನ ಕೋಟಿಗಟ್ಟಲೆ ಬೆಳೆಸಿ, ರೋಗಿಗೆ ಒಂದಿಷ್ಟು ಕೀಮೋ ಕೊಟ್ಟು ಜಾಗ ಮಾಡಿ, ರಕ್ತ ಏರಿಸುವ ಹಾಗೆ ಏರಿಸ್ತಾರೆ. ಮಾತ್ರೆಯಲ್ಲ, ಸಿರಪ್ಪಲ್ಲ. ಒಬ್ಬರಿಗೆ ತಯಾರಿಸಿದ್ದು ಇನ್ನೊಬ್ಬರಿಗೆ ಬರಲ್ಲ. ದರ್ಜಿ ಅಳತೆ ತೆಗೆದು ಹೊಲಿದ ಅಂಗಿ ಅದು.

ಈ ಸಿಡಿ19 ಎಂಬ ಗುರುತು ಇರುವುದು ಬಿ ಕಣ ಎಂಬ ಒಂದು ಜಾತಿಯ ಬಿಳಿ ರಕ್ತಕಣದ ಮೇಲೆ. ಕೆಟ್ಟ ಬಿ ಕಣದ ಮೇಲೂ ಇರುತ್ತೆ, ಒಳ್ಳೇ ಬಿ ಕಣದ ಮೇಲೂ ಇರುತ್ತೆ. ನಾಯಿ ಎರಡನ್ನೂ ಕಚ್ಚುತ್ತೆ. ಪುಣ್ಯಕ್ಕೆ ಬಿ ಕಣಗಳಿಲ್ಲದೆ ಮನುಷ್ಯ ಬದುಕಬಲ್ಲ. ಸೋಂಕು ತಗುಲದ ಹಾಗೆ ನೋಡಿಕೊಳ್ಳಬೇಕು, ಕೆಲವರಿಗೆ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ ಬೇಕಾಗುತ್ತೆ, ಅಷ್ಟೇ. ಅದೇ ಶ್ವಾಸಕೋಶ, ಲಿವರ್, ಸ್ತನದ ಗೆಡ್ಡೆಗಳನ್ನ ತಗೊಳ್ಳಿ. ಅಲ್ಲಿ ಕೆಟ್ಟ ಕಣದ ಮೇಲಿರುವ ಗುರುತು ಒಳ್ಳೇ ಅಂಗದ ಮೇಲೂ ಇದ್ದರೆ? ಲಿವರ್ ಇಲ್ಲದೆ ಬದುಕೋಕಾಗುತ್ತಾ? ಜೊತೆಗೆ, ಗಟ್ಟಿ ಗೆಡ್ಡೆಯ ಒಳಗೆ ಈ ಕಣಗಳು ನುಗ್ಗುವುದೇ ಕಷ್ಟ, ನುಗ್ಗಿದರೂ ಸುಸ್ತಾಗಿಬಿಡ್ತವೆ.

ಹಾಗಾಗಿ "ಯಾವ ಕ್ಯಾನ್ಸರ್?" ಎಂಬ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರಬೇಕು. ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟದ್ದು ಬಿ ಕಣದ ಲಿಂಫೋಮಾ ಮತ್ತು ಬಿ ಕಣದ ಅಕ್ಯೂಟ್ ಲ್ಯುಕೇಮಿಯಾ ಎಂಬ ಎರಡು ಬಗೆಯ ರಕ್ತದ ಕ್ಯಾನ್ಸರ್‌ಗೆ. ಅದೂ ಬೇರೆ ಚಿಕಿತ್ಸೆ ಫಲಿಸದಿದ್ದರೆ, ಅಥವಾ ಕಾಯಿಲೆ ಮರುಕಳಿಸಿದ್ದರೆ. ವಯಸ್ಸು 15 ಮತ್ತು ಮೇಲ್ಪಟ್ಟು. ಗೆಡ್ಡೆಗಳ ಮೇಲೆ ಪ್ರಯೋಗ ನಡೆದಿಲ್ಲ ಅಂತಲ್ಲ. ಚೀನಾದಲ್ಲಿ ಜಠರದ ಕ್ಯಾನ್ಸರ್ ಮೇಲೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕಾಯಿಲೆ ಮುಂದುವರಿಯದೆ ನಿಂತ ಅವಧಿ 1.77 ತಿಂಗಳಿಂದ 3.25 ತಿಂಗಳಿಗೆ ಏರಿತ್ತು. ವಿಜ್ಞಾನಿಗಳಿಗೆ ಇದು ದೊಡ್ಡ ಹೆಜ್ಜೆ. ರೋಗಿಯ ಮನೆಯವರಿಗೆ? ಆರು ವಾರ.

ಇನ್ನು ಇದರ ಜ್ವರದ ಕಥೆ ಹೇಳಲೇಬೇಕು. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿ. ಲ್ಯುಕೇಮಿಯಾ ಎರಡು ಸಲ ಮರುಕಳಿಸಿತ್ತು, ಕೀಮೋ ಕೈಕೊಟ್ಟಿತ್ತು. ಈ ಚಿಕಿತ್ಸೆ ಪಡೆದ ಪ್ರಪಂಚದ ಮೊದಲ ಮಗು ಅವಳು. ಕಣಗಳನ್ನ ಏರಿಸಿದ ಕೆಲವೇ ದಿನಕ್ಕೆ ಮೈ ಕೆಂಡವಾಯಿತು, ಬಿಪಿ ಕುಸಿಯಿತು, ವೆಂಟಿಲೇಟರ್ ಹಾಕಿದರು. ಹೊಸ ಮೂಗಿನ ನಾಯಿಗಳು ಲಕ್ಷಾಂತರ ಕಳ್ಳರನ್ನ ಒಟ್ಟಿಗೇ ಹಿಡಿದಾಗ ಮನೆಯೊಳಗೆ ಆಗುವ ರಂಪ ಅದು. ವೈದ್ಯರು ಸೈಟೊಕೈನ್ ಬಿರುಗಾಳಿ ಅಂತಾರೆ. ರಕ್ತಪರೀಕ್ಷೆಯಲ್ಲಿ ಐಎಲ್-6 ಎಂಬ ವಸ್ತು ವಿಪರೀತ ಏರಿದ್ದು ಗೊತ್ತಾಯಿತು. ಈ ಸಂಶೋಧನೆಯ ಮುಂದಾಳು ಡಾ. ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತ ಇತ್ತು. ಹಾಗಾಗಿ ಐಎಲ್-6ಅನ್ನ ತಡೆಯುವ ಟೊಸಿಲಿಜುಮ್ಯಾಬ್ ಎಂಬ ಸಂಧಿವಾತದ ಔಷಧ ಅವರಿಗೆ ಗೊತ್ತಿತ್ತು. ಅದನ್ನ ಕೊಟ್ಟು ನೋಡಿದರು. ಬಿರುಗಾಳಿ ಇಳಿಯಿತು. ಎಮಿಲಿ ಕಣ್ಣು ಬಿಟ್ಟಿದ್ದು ಅವಳ ಏಳನೇ ಹುಟ್ಟುಹಬ್ಬದ ದಿನ. ಹತ್ತು ವರ್ಷ ಕಳೆದರೂ ಕಾಯಿಲೆ ಮರಳಲಿಲ್ಲ.

ಒಬ್ಬ ತಂದೆಗೆ ಮಗಳ ಕಾಯಿಲೆಯಿಂದ ಒಂದು ಔಷಧದ ಹೆಸರು ಗೊತ್ತಿರದಿದ್ದರೆ ಈ ಇಡೀ ಚಿಕಿತ್ಸೆ ಅಲ್ಲೇ ನಿಂತುಹೋಗುತ್ತಿತ್ತೋ ಏನೋ. ಈಗ ಈ ಚಿಕಿತ್ಸೆ ಕೊಡುವ ಆಸ್ಪತ್ರೆಗಳಲ್ಲಿ ಆ ಇಂಜೆಕ್ಷನ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಕೆಲಸ ಶುರು ಮಾಡ್ತಾರೆ. ಐಸಿಯು ಇಲ್ಲದ ಜಾಗದಲ್ಲಿ ಯಾರಾದರೂ "ನಾವೂ ಮಾಡ್ತೀವಿ" ಅಂದರೆ, ಎದ್ದು ಬನ್ನಿ.

ನಮ್ಮ ದೇಶಕ್ಕೆ ಬರೋಣ. 2021ರ ಜೂನ್ 4ರಂದು ಟಾಟಾ ಮೆಮೋರಿಯಲ್ ಸೆಂಟರ್‌ಗೆ ಸೇರಿದ ನವಿ ಮುಂಬೈನ ಕೇಂದ್ರದಲ್ಲಿ ಭಾರತದ ಮೊದಲ ಕಾರ್-ಟಿ ಚಿಕಿತ್ಸೆ ನಡೆಯಿತು. ಕಣ ರೂಪಿಸಿದ್ದು ಐಐಟಿ ಬಾಂಬೆಯ ಪ್ರೊಫೆಸರ್ ರಾಹುಲ್ ಪುರ್ವಾರ್ ಅವರ ತಂಡ. ಮುಂದೆ ಅವರದೇ ಕಂಪನಿ ಇಮ್ಯುನೊಆ್ಯಕ್ಟ್ ಅದನ್ನ ಮಾರುಕಟ್ಟೆಗೆ ತಂದಿತು. ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮತ್ತು ಕುಶ್ ಪರ್ಮಾರ್ ಸ್ಥಾಪಿಸಿದ ಇಮ್ಯುನೀಲ್ ಕಂಪನಿ, ಸ್ಪೇನ್‌ನ ಬಾರ್ಸಿಲೋನಾದ ಆಸ್ಪತ್ರೆಯೊಂದರ ತಂತ್ರಜ್ಞಾನ ತಂದು, 2025ರ ಜನವರಿಯಲ್ಲಿ ಕ್ವಾರ್ಟೆಮಿ ಎಂಬ ಚಿಕಿತ್ಸೆ ಬಿಡುಗಡೆ ಮಾಡಿತು. ಅದು ಲಿಂಫೋಮಾಕ್ಕೆ.

ಈಗ ಅಂಕಿಗೆ ಬನ್ನಿ. ನೆಕ್ಸ್‌ಕಾರ್19ರ ಪ್ರಯೋಗದ ವರದಿ 2025ರ ಮಾರ್ಚ್‌ನಲ್ಲಿ ಲ್ಯಾನ್ಸೆಟ್ ಹೆಮಟಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆದವರು 64 ಜನ. ಫಲಿತಾಂಶ ಅಳೆಯಲು ಸಾಧ್ಯವಾದ 51 ಜನರಲ್ಲಿ ಶೇ. 73ರಷ್ಟು ಜನಕ್ಕೆ ಚಿಕಿತ್ಸೆ ಸ್ಪಂದಿಸಿತು. ಮರುದಿನ ಏನು ಹೆಡ್‌ಲೈನ್? "ಶೇ. 73 ಯಶಸ್ಸು!" ಸರಿ, ಸುಳ್ಳೇನಲ್ಲ. ಆದರೆ ಸ್ಪಂದಿಸಿತು ಅಂದರೆ ಗುಣವಾಯಿತು ಅಂತಲ್ಲ. ಕಾಯಿಲೆ ಕುಗ್ಗಿತು ಅಥವಾ ಪರೀಕ್ಷೆಯಲ್ಲಿ ಕಾಣದಾಯಿತು ಅಂತ. ಎಷ್ಟು ದಿನ? ಅದೂ ಅದೇ ವರದಿಯಲ್ಲಿದೆ. ಸ್ಪಂದಿಸಿದವರನ್ನ ಸಾಲಾಗಿ ನಿಲ್ಲಿಸಿ ನಟ್ಟನಡುವಿನವರನ್ನ ಕೇಳಿದರೆ, ಲ್ಯುಕೇಮಿಯಾದಲ್ಲಿ ಸುಮಾರು 15 ತಿಂಗಳು, ಲಿಂಫೋಮಾದಲ್ಲಿ ಸುಮಾರು 4 ತಿಂಗಳು. ಕೆಲವರಲ್ಲಿ ತುಂಬಾ ಕಾಲ ಉಳಿಯಿತು, ಕೆಲವರಲ್ಲಿ ಬೇಗ ಮರಳಿತು. ಕ್ಯಾನ್ಸರ್ ಕಣವೂ ಚಾಲಾಕಿ. ಸಿಡಿ19ರ ವಾಸನೆಯನ್ನೇ ಮೈಯಿಂದ ಒರೆಸಿಕೊಂಡು ನಾಯಿಯ ಮುಂದೆಯೇ ಓಡಾಡುವುದುಂಟು. ಇನ್ನೊಂದು ಮಾತು, ಚಿಕಿತ್ಸೆಯ ಕಾರಣದಿಂದಲೇ ಇಬ್ಬರು ತೀರಿಕೊಂಡರು. ಇದನ್ನ ಮುಚ್ಚಿಡದೆ ಬರೆದ ವೈದ್ಯರಿಗೆ ನನ್ನದೊಂದು ನಮಸ್ಕಾರ.

ಹಾಗಂತ ಇದು ವ್ಯರ್ಥ ಅಂತ ದಯವಿಟ್ಟು ಯಾರೂ ಅಂದುಕೊಳ್ಳಬೇಡಿ. ಈ 64 ಜನ ಬೇರೆ ಚಿಕಿತ್ಸೆಗಳೆಲ್ಲ ಕೈಬಿಟ್ಟ ಮೇಲೆ ಬಂದವರು. ಅವರಿಗೆ ಹತ್ತರಲ್ಲಿ ಏಳು ಅನ್ನೋದು ಸಣ್ಣ ಮಾತಲ್ಲ. ಅಮೆರಿಕದಲ್ಲಿ 2010ರಲ್ಲಿ ಈ ಚಿಕಿತ್ಸೆ ಪಡೆದ ಇಬ್ಬರಲ್ಲಿ ಹತ್ತು ವರ್ಷದ ನಂತರವೂ ಆ ಕಣಗಳು ಉಳಿದಿದ್ದವು, ಕಾಯಿಲೆ ಇರಲಿಲ್ಲ ಅಂತ 2022ರಲ್ಲಿ ವರದಿಯಾಯಿತು. ಇದೇ ಉಪಾಯವನ್ನ ಜರ್ಮನಿಯ ಎರ್ಲಾಂಗನ್‌ನ ವೈದ್ಯರು ಲೂಪಸ್‌ನಂಥ ಕಾಯಿಲೆಗೂ ತಂದಿದ್ದಾರೆ. ಅಲ್ಲೂ ದಾರಿ ತಪ್ಪಿದ್ದು ಬಿ ಕಣವೇ ತಾನೆ? 2024ರಲ್ಲಿ ಅವರು ಪ್ರಕಟಿಸಿದ 15 ರೋಗಿಗಳಲ್ಲಿ ಲೂಪಸ್ ಇದ್ದ ಎಂಟೂ ಜನಕ್ಕೆ ಕಾಯಿಲೆ ಶಮನವಾಗಿತ್ತು. ಇನ್ನೊಂದು ಕಡೆ, ಅದೇ ವರ್ಷ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಚಿಕಿತ್ಸೆಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. 27,000ಕ್ಕೂ ಹೆಚ್ಚು ಡೋಸ್ ಕೊಟ್ಟ ಮೇಲೆ, 22 ಜನರಲ್ಲಿ ಟಿ ಕಣದ್ದೇ ಹೊಸ ಕ್ಯಾನ್ಸರ್ ಕಂಡಿತ್ತು. ಅಪರೂಪ, ನಿಜ. ಸಾವಿನ ದವಡೆಯಲ್ಲಿರುವವರಿಗೆ ಈ ಲೆಕ್ಕ ಒಂದು ಥರ, ಮಾತ್ರೆಯಲ್ಲಿ ಹತೋಟಿಗೆ ಬರುವ ಲೂಪಸ್ ರೋಗಿಗೆ ಇನ್ನೊಂದು ಥರ.

ಈಗ ದುಡ್ಡು. 2017ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಕಾರ್-ಟಿ ಔಷಧ ಕಿಮ್ರಿಯಾದ ಆಗಿನ ಬೆಲೆ 4,75,000 ಡಾಲರ್. ಆಗಿನ ಲೆಕ್ಕಕ್ಕೇ 3 ಕೋಟಿ ರೂಪಾಯಿ. ನಮ್ಮಲ್ಲಿ ತಯಾರಾದದ್ದಕ್ಕೆ ಸುಮಾರು 40 ಲಕ್ಷದ ಆಸುಪಾಸು. ಜೀನ್ ಹೊರುವ ವೈರಸ್ಸನ್ನ ಹೊರಗಿನಿಂದ ತರಿಸದೆ ಇಲ್ಲೇ ತಯಾರಿಸಿದ್ದು, ಇಲ್ಲಿಯ ಕೆಲಸಗಾರರ ಸಂಬಳ, ಇವೆಲ್ಲ ಸೇರಿ ಬೆಲೆ ಇಳಿಯಿತು. ಏಳೆಂಟರಲ್ಲಿ ಒಂದು ಪಾಲು! ಚಪ್ಪಾಳೆ ತಟ್ಟೋಣ. ತಟ್ಟಿದ ಮೇಲೆ ಒಂದು ಕೂಡು-ಕಳೆ ಲೆಕ್ಕ ಮಾಡೋಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಒಂದೂವರೆ ಲಕ್ಷ. ಮಿಕ್ಕಿದ್ದಕ್ಕೆ? ಮೇಲಿಂದ ಐಸಿಯು ಬಿಲ್ಲು ಬೇರೆ, ಲ್ಯುಕೇಮಿಯಾದಲ್ಲಿ ಕೆಲವರಿಗೆ ಆಮೇಲೆ ಅಸ್ಥಿಮಜ್ಜೆ ಕಸಿಯೂ ಬೇಕಾಗುತ್ತೆ.

ಇಂಥ ಕಾರ್ಯಕ್ರಮ ಮುಗಿದ ಮೇಲೆ ಬರುವ ಫೋನ್‌ಗಳಲ್ಲಿ ಕಾಯಿಲೆಗಿಂತ ಹೆಚ್ಚು ಜಮೀನಿನ ಮಾತಿರುತ್ತೆ. "ಸಾರ್, ಎರಡು ಎಕರೆ ಇದೆ, ಮಾರಿದರೆ ಆಗುತ್ತಾ?" ಮಾರಿ, ಬೇಡ ಅನ್ನೋಕೆ ನಾನ್ಯಾರು? ಆದರೆ ಮಾರುವ ಮುಂಚೆ ವೈದ್ಯರನ್ನ ಕೇಳಿ. ಇದು ಬಿ ಕಣದ ಕ್ಯಾನ್ಸರ್ ಹೌದೋ ಅಲ್ಲವೋ, ಸಿಡಿ19 ಪರೀಕ್ಷೆ ಆಗಿದೆಯೋ ಇಲ್ಲವೋ, ನಮ್ಮ ಅಪ್ಪನಿಗೆ ಇರುವ ಬಗೆಯಲ್ಲಿ ಎಷ್ಟು ಜನ ಒಂದು ವರ್ಷದ ಮೇಲೂ ಚೆನ್ನಾಗಿದ್ದಾರೆ, ಒಟ್ಟು ಬಿಲ್ಲು ಎಲ್ಲಿಗೆ ಮುಟ್ಟಬಹುದು. ಒಳ್ಳೇ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗಲ್ಲ.

ಸರ್ಕಾರಕ್ಕೂ ಒಂದು ಪ್ರಶ್ನೆ ಇದೆ. ಕಿಮ್ರಿಯಾ ಬಂದಾಗ, ಕೆಲವು ರೋಗಿಗಳ ವಿಷಯದಲ್ಲಿ ಮೊದಲ ತಿಂಗಳೊಳಗೆ ಫಲ ಕಾಣದಿದ್ದರೆ ದುಡ್ಡು ಬೇಡ ಎಂಬ ವ್ಯವಸ್ಥೆಯನ್ನ ಆ ಕಂಪನಿಯೇ ಘೋಷಿಸಿತ್ತು. ನಮ್ಮ ಆರೋಗ್ಯ ಇಲಾಖೆ ಅಂಥ ಚೌಕಾಸಿಗೆ ಯಾಕೆ ಕೂರಬಾರದು? ಐಐಟಿಯೂ ಜನರ ತೆರಿಗೆ ದುಡ್ಡಿನದ್ದು, ಟಾಟಾ ಮೆಮೋರಿಯಲ್ ನಡೆಯುತ್ತಿರುವುದೂ ಕೇಂದ್ರದ ಅಣುಶಕ್ತಿ ಇಲಾಖೆಯ ಅನುದಾನದಲ್ಲಿ. ಜನರ ದುಡ್ಡಲ್ಲಿ ಹುಟ್ಟಿದ ಔಷಧಕ್ಕೆ ಜನ ಮತ್ತೆ ಜಮೀನು ಮಾರಬೇಕಾ?

ಕೊನೆಯದಾಗಿ, "ಟ್ರಯಲ್‌ಗೆ ಸೇರಿಸ್ತೀವಿ, ಇಷ್ಟು ಲಕ್ಷ ಕಟ್ಟಿ" ಅನ್ನೋರ ಬಗ್ಗೆ. ಪ್ರಯೋಗದ ಹಂತದಲ್ಲಿರುವ ಔಷಧಕ್ಕೆ ರೋಗಿಯಿಂದ ದುಡ್ಡು ಕೀಳುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳೇ ಹೇಳುತ್ತವೆ. ಇನ್ನು ಸ್ಟೆಮ್ ಸೆಲ್ ಹೆಸರಿನಲ್ಲಿ ಮಂಡಿನೋವಿನಿಂದ ಆಟಿಸಂವರೆಗೆ ಎಲ್ಲಕ್ಕೂ ಒಂದೇ ಇಂಜೆಕ್ಷನ್ ಮಾರುವ ಅಂಗಡಿಗಳು ಬೇರೆಯೇ ಕಥೆ. ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಉಳಿದದ್ದೆಲ್ಲ ಸಂಶೋಧನೆ, ಅದಕ್ಕೆ ಫೀಸ್ ಇಲ್ಲ ಅಂತ ಐಸಿಎಂಆರ್ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಾಗಲೇಬೇಕು ಅನ್ನೋ ಕಡ್ಡಾಯ 2009ರ ಜೂನ್‌ನಿಂದಲೇ ಇದೆ. ಅದು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ತೆರೆದಿದೆ. ಕಾಲೇಜಿಗೆ ಹೋಗೋ ಮಗನ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತಲ್ಲ, ಅವನಿಗೆ ಆಸ್ಪತ್ರೆಯ ಹೆಸರು, ಕಾಯಿಲೆಯ ಹೆಸರು ಕೊಟ್ಟು ಹುಡುಕಿಸಿ. ಆ ಪಟ್ಟಿಯಲ್ಲಿ ಅವರ ಪ್ರಯೋಗ ಇಲ್ಲ ಅಂದರೆ, ನೋಂದಣಿ ಸಂಖ್ಯೆ ಎಲ್ಲಿ ಅಂತ ಅವರನ್ನೇ ಕೇಳಿ.