ಏಳು ಮೊಳೆಗಳ ತೀರ್ಥಹಳ್ಳಿ

ಕನ್ನಡದ ‘ಕ’ಗೆ ತೂಕವಿದೆ! ಎತ್ತರವಿದೆ, ಪಾದವಿದೆ, ಪಕ್ಕೆಯಲ್ಲಿ ಒಂದು ಸಣ್ಣ ಕಚ್ಚೂ ಇದೆ. ಎರಡು ಬೆರಳಲ್ಲಿ ಹಿಡಿದು ಎತ್ತಬಹುದು, ಅಂಗೈ ಮೇಲೆ ನಿಲ್ಲಿಸಬಹುದು, ಅದರ ತಣ್ಣನೆಯ ಮೈಯನ್ನು ಕೆನ್ನೆಗೆ ಒತ್ತಿಕೊಳ್ಳಬಹುದು. ಹುಟ್ಟಿದಾಗಿನಿಂದ ಕಣ್ಣಿಗಷ್ಟೇ ಪರಿಚಯವಿದ್ದ ಅಕ್ಷರವನ್ನು ಮುಟ್ಟಿ ಹಿಡಿಯುವ ಭಾಗ್ಯ ನನಗೆ ಒದಗಿದ್ದು ಬೆಂಗಳೂರಿನ ಬಡಾವಣೆಯೊಂದರ ಸಮುದಾಯ ಭವನದಲ್ಲಿ. ಅಲ್ಲಿನ ಓದುಗರೇ ಸೇರಿಕೊಂಡು, ಮನೆಮನೆಯಿಂದ ಸಾಮಾನು ಹೊತ್ತು ತಂದು, ಕೈಯಿಂದ ಮಾಡಿದ ಪುಸ್ತಕಗಳ ಮತ್ತು ಅಚ್ಚುಮೊಳೆ ಮುದ್ರಣದ ಪ್ರದರ್ಶನ ಏರ್ಪಡಿಸಿದ್ದರು. ಟಿಕೆಟ್ ಇಲ್ಲ, ವೇದಿಕೆ ಇಲ್ಲ, ಭಾಷಣವಿಲ್ಲ. ‘ದಯವಿಟ್ಟು ಮುಟ್ಟಿ ನೋಡಿ’ ಎಂಬ ಫಲಕ ಮಾತ್ರ ಬಾಗಿಲಲ್ಲೇ ತೂಗುತ್ತಿತ್ತು.

ಒಳಗೆ ಕಾಲಿಟ್ಟರೆ ಸೀಮೆಎಣ್ಣೆ ಮತ್ತು ಶಾಯಿಯ ವಾಸನೆ! ಗೋಡೆಯುದ್ದಕ್ಕೂ ಇಳಿಜಾರಾಗಿ ನಿಲ್ಲಿಸಿದ ಮರದ ಕೇಸುಗಳು. ಒಂದೊಂದರಲ್ಲೂ ಸಾಲುಸಾಲು ಚೌಕದ ಮನೆಗಳು, ಒಂದೊಂದು ಮನೆಯಲ್ಲೂ ಒಂದೊಂದೇ ಅಕ್ಷರದ ರಾಶಿ. ಇಂಗ್ಲಿಷಿನ ವರ್ಣಮಾಲೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಸೇರಿ 52ಕ್ಕೆ ಮುಗಿಯುತ್ತದೆ. ಕನ್ನಡಕ್ಕೆ ಅಷ್ಟು ಎಲ್ಲಿ ಸಾಲಬೇಕು? ಕ ಬೇಕು, ಕಾ ಬೇಕು, ಕಿ ಬೇಕು, ಕೆ ಬೇಕು. ಖಗೂ ಹಾಗೆ, ಗಗೂ ಹಾಗೆ. ಅದರ ಮೇಲೆ ಒತ್ತಕ್ಷರಗಳ ಸಂಸಾರ, ದೀರ್ಘದ ಗುರುತು, ಅರ್ಕಾವೊತ್ತು, ಸೊನ್ನೆ, ಅಂಕಿಗಳು, ಪದಗಳ ನಡುವೆ ತೆರಪು ಬಿಡುವ ಬರಿಮೊಳೆಗಳು. ನೂರಾರು ಮನೆಗಳು! ಈ ನೂರಾರರಲ್ಲಿ ಯಾವುದು ಎಲ್ಲಿದೆ ಎಂದು ನೋಡದೆಯೇ ಕೈ ಹಾಕಬಲ್ಲವರು ನಮ್ಮ ಊರಿನ ಕಂಪೋಸಿಟರುಗಳು.

ಅಂಥವರೊಬ್ಬರು ಅಲ್ಲೇ ನಿಂತಿದ್ದರು. ಚಾಮರಾಜಪೇಟೆಯ ಮುದ್ರಣಾಲಯದಲ್ಲಿ ಯೌವನವನ್ನೆಲ್ಲ ಮೊಳೆ ಜೋಡಿಸುವುದರಲ್ಲಿ ಕಳೆದ ಹಿರಿಯರು. ಎಡಗೈಯಲ್ಲಿ ಕಂಪೋಸಿಂಗ್ ಸ್ಟಿಕ್ಕು ಎಂಬ ಪುಟ್ಟ ಲೋಹದ ತಟ್ಟೆ, ಸುತ್ತ ಮಕ್ಕಳ ಹಿಂಡು. ಒಬ್ಬ ಹುಡುಗಿ ಮುಂದೆ ಬಂದು ತನ್ನ ಅಜ್ಜಿಯ ಊರಿನ ಹೆಸರು ಮಾಡಿಕೊಡಿ ಎಂದಳು.

“ಯಾವೂರು ಪುಟ್ಟಿ?”

“ತೀರ್ಥಹಳ್ಳಿ, ತಾತ.”

“ಅಬ್ಬಾ, ಒಳ್ಳೇ ಊರನ್ನೇ ಆರಿಸಿದ್ದೀಯ! ಎಷ್ಟು ಅಕ್ಷರ ಹೇಳು?”

“ನಾಲ್ಕು.”

“ಹಾಗಾದ್ರೆ ಎಣಿಸ್ಕೊಂಡು ಹೋಗು.”

ಬಲಗೈ ಕೇಸಿನತ್ತ ಹಾರಿತು. ಮೊದಲು ತಿ. ಅದಕ್ಕೆ ದೀರ್ಘದ ಮೊಳೆ ಬೇರೆ. ಆಮೇಲೆ ನಾವು ಬಾಯಲ್ಲಿ ರ್ ಎಂದು ಮೊದಲು ಹೇಳುತ್ತೇವೆ, ಅವರ ಕೈ ಮಾತ್ರ ಮೊದಲು ಥ ತಂದು ನಿಲ್ಲಿಸಿ, ಅರ್ಕಾವೊತ್ತನ್ನು ಅದರ ಬೆನ್ನಿಗೆ ಇಟ್ಟಿತು. ಹ ಒಂದು. ಳಿ ಒಂದು. ಅದರ ಕೆಳಗೆ ಕೂರುವ ಳ ಒತ್ತು ಮತ್ತೊಂದು. “ಏಳು!” ಎಂದು ಹುಡುಗಿ ಕೂಗಿಯೇಬಿಟ್ಟಳು. ನಾಲ್ಕು ಅಕ್ಷರದ ಊರಿಗೆ ಏಳು ಮೊಳೆ! ನಾವು ಬರೆಯುವಾಗ ಒಂದೇ ಎಳೆತದಲ್ಲಿ ಮುಗಿಸುವ ಅಕ್ಷರ ಎಷ್ಟು ಅಂಗಗಳಿಂದ ಕಟ್ಟಿದ್ದು ಎಂಬುದು ನನಗೆ ಕಂಡದ್ದು ಆ ಗಳಿಗೆಯಲ್ಲಿ. ಕನ್ನಡದ ಕಾಗುಣಿತ ಪೂರ್ತಿ ಆ ಪುಟ್ಟ ಲೋಹದ ತಟ್ಟೆಯ ಮೇಲೆ ಬಿಚ್ಚಿಕೊಂಡಿತ್ತು.

“ತಾತ, ಎಲ್ಲಾ ಉಲ್ಟಾ ಇದೆಯಲ್ಲ!”

“ಉಲ್ಟಾನೇ ಇರ್ಬೇಕಮ್ಮ. ಕಾಗದದ ಮೇಲೆ ಬಿದ್ದಾಗ ಸರಿಯಾಗುತ್ತೆ.”

ಪ್ರತಿ ಮೊಳೆಯ ಮುಖದಲ್ಲೂ ಅಕ್ಷರ ಕನ್ನಡಿಯ ಬಿಂಬದಂತೆ ತಿರುಗಿರುತ್ತದೆ. ಜೋಡಿಸುವಾಗ ಸಾಲು ತಲೆಕೆಳಗಾಗಿಯೂ ಇರುತ್ತದೆ. ಅದನ್ನು ಎಡದಿಂದ ಬಲಕ್ಕೆ ಸರಾಗವಾಗಿ ಓದುತ್ತಾ ಹೋಗುತ್ತಾರೆ ಇವರು! ಪಕ್ಕೆಯ ಆ ಸಣ್ಣ ಕಚ್ಚು ಇರುವುದು ಬೆರಳಿಗಾಗಿ. ಕಚ್ಚು ಮೇಲ್ಮುಖವಾಗಿ ಸಿಕ್ಕಿತೆಂದರೆ ಮೊಳೆ ಸರಿಯಾಗಿ ಕೂತಿದೆ ಎಂದರ್ಥ, ಕಣ್ಣಿಟ್ಟು ನೋಡಬೇಕಾಗಿಲ್ಲ. ಎತ್ತರವೂ ಎಲ್ಲಕ್ಕೂ ಒಂದೇ: 0.918 ಇಂಚು. ಒಂದು ಕೂದಲೆಳೆ ಹೆಚ್ಚಾದರೆ ಆ ಅಕ್ಷರ ಕಾಗದವನ್ನು ಚುಚ್ಚುತ್ತದೆ, ಕಡಿಮೆಯಾದರೆ ಮಸುಕಾಗುತ್ತದೆ. ಲೋಹದಲ್ಲಿ ಹೆಚ್ಚಿನ ಪಾಲು ಸೀಸ. ಗಟ್ಟಿತನಕ್ಕೆ ಆಂಟಿಮನಿ, ಎರಕ ಸಲೀಸಾಗಿ ಹರಿದು ಮೂಲೆಮೂಲೆಗೆ ತುಂಬಿಕೊಳ್ಳಲು ತವರ. 15ನೇ ಶತಮಾನದಲ್ಲಿ ಜರ್ಮನಿಯ ಮೈಂಟ್ಸ್ ಊರಿನಲ್ಲಿ ಗುಟೆನ್‌ಬರ್ಗ್ ಹಿಡಿದ ದಾರಿ, ತೀರ್ಥಹಳ್ಳಿಯ ಈ ಏಳು ಮೊಳೆಗಳವರೆಗೂ ಬಂದಿದೆ.

ಆ ದಾರಿ ಕನ್ನಡಕ್ಕೆ ಬಂದ ಬಗೆಯೇ ಒಂದು ಅದ್ಭುತ. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಎಲ್ಲಿ? ಹೂಗ್ಲಿ ನದಿಯ ದಡದ ಸೆರಾಂಪುರದಲ್ಲಿ! ಅಲ್ಲಿ ಮೊಳೆ ಎರಕದ ವಿದ್ಯೆಯನ್ನು ಕಟ್ಟಿ ಬೆಳೆಸಿದವರು ಪಂಚಾನನ ಕರ್ಮಕಾರ ಮತ್ತು ಅವರ ಅಳಿಯ ಮನೋಹರ. ಉಕ್ಕಿನ ತುದಿಯಲ್ಲಿ ಅಕ್ಷರ ಕೆತ್ತಿ, ಅದನ್ನು ತಾಮ್ರಕ್ಕೆ ಹೊಡೆದು ಕುಳಿ ಮಾಡಿ, ಆ ಕುಳಿಗೆ ಕಾದ ಲೋಹ ಹೊಯ್ಯುವುದು ಅವರ ಕಸುಬು. ನಮ್ಮ ಅಕ್ಷರಗಳು ಬಂಗಾಳದ ನೆಲದಿಂದ ಪುಸ್ತಕವಾಗಿ ಬಂದವು ಎಂದು ಗೋಡೆಯ ಫಲಕವೊಂದರಲ್ಲಿ ಓದಿ ನಾನು ಅದರ ಮುಂದೆ ಬಹಳ ಹೊತ್ತು ನಿಂತೆ.

ಪಕ್ಕದ ಫಲಕದಲ್ಲಿ ಇನ್ನೊಂದು ಬೆರಗು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಅದು ಮೊಳೆಯಲ್ಲಿ ಅಚ್ಚಾದದ್ದಲ್ಲ, ಕಲ್ಲಚ್ಚಿನದು! ಜಿಡ್ಡಿನ ಶಾಯಿಯಲ್ಲಿ ಬರೆದ ಬರಹ ನಯವಾದ ಕಲ್ಲಿನ ಮೇಲೆ ಇಳಿಯುತ್ತದೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ನೀರಿದ್ದ ಕಡೆ ಅದು ಅಂಟುವುದಿಲ್ಲ, ಬರಹಕ್ಕೆ ಮಾತ್ರ ಅಂಟುತ್ತದೆ. ಅಂದರೆ ಕನ್ನಡದ ಮೊದಲ ಪತ್ರಿಕೆಯನ್ನು ಓದಿದವರು ಓದಿದ್ದು ಯಾರದೋ ಕೈಬರಹವನ್ನು!

ಆ ಪತ್ರಿಕೆಯನ್ನು ಅಚ್ಚು ಹಾಕಿದ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಸುಮಾರು 70,000 ಪದಗಳು. ಅಷ್ಟೂ ಪದ, ಅಷ್ಟೂ ಅರ್ಥ, ಎರಡು ಲಿಪಿಗಳು ಬೆರೆತ ಅಷ್ಟೂ ಸಾಲುಗಳು ಸೀಸದಲ್ಲಿ ಜೋಡಣೆಯಾಗಿ ಅಚ್ಚಾದವು. ಕಿಟ್ಟೆಲರ ಹೆಸರು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪ್ರತಿಮೆಯ ಮೇಲಿದೆ. ಆ ಪುಟಗಳನ್ನು ಜೋಡಿಸಿದ ಬೆರಳುಗಳ ನೆನಪೂ ನಮಗೆ ಇರಬೇಕು.

ಇದಕ್ಕಿಂತ ದೊಡ್ಡ ಅಚ್ಚರಿಯನ್ನು ಹಿರಿಯರು ಮಾತಿನ ನಡುವೆ ಸಹಜವಾಗಿ ಹೇಳಿಬಿಟ್ಟರು. ಒಂದು ಪುಸ್ತಕಕ್ಕೆ ಬೇಕಾದಷ್ಟು ಮೊಳೆ ಸಾಮಾನ್ಯ ಪ್ರೆಸ್ಸಿನಲ್ಲಿ ಇರುತ್ತಲೇ ಇರಲಿಲ್ಲ. ಒಂದು ಫಾರಮ್ಮಿನ, ಅಂದರೆ ಒಂದು ಹಾಳೆಗೆ ಹಿಡಿಯುವಷ್ಟು, ಪುಟಗಳನ್ನು ಜೋಡಿಸಿ, ಕರಡು ತಿದ್ದಿ, ಅಚ್ಚು ಹಾಕಿ, ಆಮೇಲೆ ಅಷ್ಟನ್ನೂ ಬಿಚ್ಚಿ ಪ್ರತಿ ಮೊಳೆಯನ್ನೂ ಮತ್ತೆ ಅದರ ಮನೆಗೆ ಹಾಕಬೇಕು. ಅದೇ ಮೊಳೆಗಳಿಂದ ಮುಂದಿನ ಪುಟ! ಇಂದು ಕಥೆಯೊಳಗಿದ್ದ ‘ಅ’ ನಾಳೆ ಲಗ್ನಪತ್ರಿಕೆಯಲ್ಲಿ, ನಾಡಿದ್ದು ಬಿಲ್ ಪುಸ್ತಕದಲ್ಲಿ. ನಮ್ಮ ಹಳೆಯ ಕಾದಂಬರಿಗಳ ಹಿಂದೆ ಹೀಗೆ ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟಿದ ದುಡಿಮೆ ಇದೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದಾಗ ಕನ್ನಡದ ಪುಸ್ತಕ ಓದುಗನನ್ನು ಮುಟ್ಟಲು ಇದ್ದ ದಾರಿ ಇದೇ.

ಅಷ್ಟರಲ್ಲಿ ಭವನದ ಮೂಲೆಯಿಂದ ಸದ್ದು: ಟ್ರೆಡಲ್ ಯಂತ್ರ ಹೊರಟಿತು! ಕಾಲು ತುಳಿದಂತೆ ದೊಡ್ಡ ಚಕ್ರ ತಿರುಗುತ್ತದೆ. ಮೇಲಿನ ದುಂಡು ತಟ್ಟೆಯಿಂದ ರೋಲರುಗಳು ಶಾಯಿ ಎತ್ತಿಕೊಂಡು ಮೊಳೆಗಳ ಮೇಲೆ ಇಳಿಯುತ್ತವೆ. ಬಾಯಿ ತೆರೆದಾಗ ಒಂದು ಕೈ ಕಾಗದ ಇಡುತ್ತದೆ, ಬಾಯಿ ಮುಚ್ಚಿ ತೆರೆದಾಗ ಇನ್ನೊಂದು ಕೈ ಅಚ್ಚಾದದ್ದನ್ನು ಎಳೆದುಕೊಳ್ಳುತ್ತದೆ. ಕಾಲು, ಎರಡು ಕೈ, ಕಣ್ಣು, ಉಸಿರು ಎಲ್ಲಕ್ಕೂ ಒಂದೇ ಲಯ. ಏಳು ಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿದು ಏರಿಸಿದ್ದರು. ಹುಡುಗಿಯ ಕೈಗೆ ಕಾರ್ಡು ಬಂತು. ಹಸಿ ಕಪ್ಪಿನಲ್ಲಿ, ನೇರವಾಗಿ: ತೀರ್ಥಹಳ್ಳಿ. ಅವಳು ಕಾರ್ಡನ್ನು ತಿರುಗಿಸಿ ಹಿಂಬದಿ ಸವರಿದಳು. ಅಲ್ಲೂ ಊರು ಉಬ್ಬಿಕೊಂಡಿತ್ತು!

ಈ ಸುಖ ನಿಮ್ಮ ಮನೆಯಲ್ಲೂ ಇದೆ. ಕಪಾಟಿನಿಂದ 1960ರ ದಶಕದ ಒಂದು ಕನ್ನಡ ಪುಸ್ತಕ ತೆಗೆಯಿರಿ. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು ಹಿಂಬದಿಯಲ್ಲಿ ಬೆರಳಾಡಿಸಿ. ಎಷ್ಟೋ ಪುಸ್ತಕಗಳಲ್ಲಿ ಮೊಳೆಯ ಒತ್ತು ಬೆರಳಿಗೆ ಇನ್ನೂ ಸಿಗುತ್ತದೆ. ಮೊದಲ ಪುಟಗಳಲ್ಲಿ ‘ಡೆಮ್ಮಿ 1/8’ ಎಂದಿದ್ದರೆ ಅದರ ಗುಟ್ಟೂ ಈಗ ನಿಮ್ಮದು: ಡೆಮ್ಮಿ ಅಳತೆಯ ಹಾಳೆಯನ್ನು ಮೂರು ಸಲ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ. ಆ ಮಡಿಕೆಗಳನ್ನು ಒಂದರ ಮೇಲೊಂದು ಪೇರಿಸಿ ದಾರದಲ್ಲಿ ಹೊಲಿದದ್ದೇ ಪುಸ್ತಕ.

ಹೊಲಿಯುವುದನ್ನು ಅಲ್ಲೇ ಕಲಿಸುತ್ತಿದ್ದರು. ಒಂದು ಮೇಜಿನಲ್ಲಿ ಹತ್ತಿ ಬಟ್ಟೆಯ ಚೂರುಗಳನ್ನು ನೆನೆಸಿ ಅರೆದ ಹಿಟ್ಟು. ಅದನ್ನು ನೀರಿನಲ್ಲಿ ಕದಡಿ, ಜಾಲರಿ ಚೌಕಟ್ಟಿನಲ್ಲಿ ಎತ್ತಿ ಒಣಗಿಸಿದರೆ ಕಾಗದ. ಮುಂದಿನ ಮೇಜಿನಲ್ಲಿ ಸೂಜಿ, ಮೇಣ ಸವರಿದ ದಾರ, ರಟ್ಟು, ಕ್ಯಾಲಿಕೋ ಬಟ್ಟೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವುದು ಹುಳು ಬಾರದಿರಲಿ ಎಂದು. ಬೈಂಡರುಗಳ ಮನೆಯ ಈ ವಿದ್ಯೆಯನ್ನು ಈಗ ಗೃಹಿಣಿಯರು, ಕಾಲೇಜು ಹುಡುಗರು, ನಿವೃತ್ತ ಮೇಷ್ಟರು ಒಂದೇ ಬೆಂಚಿನಲ್ಲಿ ಕೂತು ಕಲಿಯುತ್ತಿದ್ದರು. ಅವರು ಮಾಡಿದ ಪುಸ್ತಕಗಳೋ! ಒಂದರಲ್ಲಿ ಅತ್ತೆಯ ಉಪ್ಪಿನಕಾಯಿ ವಿಧಾನಗಳು, ಒಂದರಲ್ಲಿ ಬೀದಿಯ ಮರಗಳ ಎಲೆಯಚ್ಚು, ಒಂದು ಅಂಗೈಗಿಂತ ಚಿಕ್ಕದು, ಒಂದು ಬಿಚ್ಚಿದರೆ ಮೇಜಿನ ಈ ತುದಿಯಿಂದ ಆ ತುದಿಗೆ ಹರಿಯುವ ಮಡಿಕೆ ಪುಸ್ತಕ.

ಆ ಮಡಿಕೆ ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದು ಒಂದು ಕಡತ. ಕಛೇರಿಯ ಫೈಲಲ್ಲ, ಹಳೆಯ ನಿಜವಾದ ಕಡತ! ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಕಪ್ಪಗೆ ಗಟ್ಟಿಯಾದ ಮೇಲೆ ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬಿಳಿಯಾಗಿ ಬರೆದದ್ದು. ಶೃಂಗೇರಿ ಮಠದ ಹಳೆಯ ದಾಖಲೆಗಳು ಇಂಥ ಕಡತಗಳಲ್ಲಿವೆ. ಶಾನುಭೋಗರ ಲೆಕ್ಕಗಳೂ ಇವುಗಳಲ್ಲೇ ಇದ್ದವು. ಇನ್ನೂ ಹಿಂದಕ್ಕೆ ಹೋದರೆ ಮೂಡಬಿದಿರೆಯಲ್ಲಿ ಕಾಪಾಡಿಕೊಂಡು ಬಂದ ಜೈನರ ಧವಲ ಗ್ರಂಥಗಳು: 12ನೇ ಶತಮಾನದ ತಾಳೆಗರಿ, ಪ್ರಾಕೃತ ಭಾಷೆ, ಹಳಗನ್ನಡ ಲಿಪಿ, ಜೊತೆಗೆ ಬಣ್ಣದ ಚಿತ್ರಗಳು. ಕೈಯಿಂದ ಪುಸ್ತಕ ಮಾಡುವುದು ನಮಗೆ ಹೊಸ ಹವ್ಯಾಸವೇನಲ್ಲ. ನಡುವೆ ಸ್ವಲ್ಪ ಕಾಲ ಕೈಬಿಟ್ಟಿದ್ದೆವು, ಅಷ್ಟೇ.

ಜಗತ್ತಿನ ಬೇರೆಡೆಯೂ ಅಕ್ಷರದ ಮೈಯನ್ನು ಪ್ರೀತಿಸಿದವರಿದ್ದಾರೆ. ಲಂಡನ್ನಿನಲ್ಲಿ ಲೇಖಕಿ ವರ್ಜೀನಿಯಾ ವುಲ್ಫ್ ಮತ್ತು ಪತಿ ಲಿಯೊನಾರ್ಡ್ ವುಲ್ಫ್ 1917ರಲ್ಲಿ ಮನೆಯಲ್ಲೇ ಕೈಯಚ್ಚಿನ ಯಂತ್ರ ಇಟ್ಟುಕೊಂಡರು, ಟಿ.ಎಸ್. ಎಲಿಯಟ್ಟರ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದ 1923ರ ಆವೃತ್ತಿಗೆ ಮೊಳೆ ಜೋಡಿಸಿದವರು ಸ್ವತಃ ವರ್ಜೀನಿಯಾ! ಅದೇ ಊರಿನ ಡವ್ಸ್ ಪ್ರೆಸ್ಸಿನ ಕಾಬ್ಡನ್-ಸ್ಯಾಂಡರ್ಸನ್, ತನ್ನ ಅಕ್ಷರ ಇನ್ನೊಬ್ಬರ ಕೈ ಸೇರದಿರಲೆಂದು ಅಷ್ಟೂ ಮೊಳೆಗಳನ್ನು ರಾತ್ರಿಗಳಲ್ಲಿ ಸೇತುವೆಯ ಮೇಲಿಂದ ಥೇಮ್ಸ್ ನದಿಗೆ ಸುರಿದರು. ಸುಮಾರು ನೂರು ವರ್ಷಗಳ ಮೇಲೆ, 2014ರಲ್ಲಿ, ಮುಳುಗುಗಾರರು ಅದೇ ನದಿಯ ತಳದಿಂದ 150 ಮೊಳೆಗಳನ್ನು ಎತ್ತಿದರು. ನೀರಿನಲ್ಲಿ ಒಂದು ಶತಮಾನ ಕಳೆದರೂ ಅಕ್ಷರ ಅಕ್ಷರವಾಗಿಯೇ ಉಳಿದಿತ್ತು!

ನಮ್ಮ ಮೊಳೆಗಳು ನದಿಗೆ ಬೀಳಲಿಲ್ಲ, ಗುಜರಿಗೆ ಬಿದ್ದವು. 1980ರ ದಶಕದಿಂದ ಆಫ್‌ಸೆಟ್ಟು, ಕಂಪ್ಯೂಟರು ಬಂದ ಮೇಲೆ ಕೇಸುಕೇಸು ಕನ್ನಡ ಕಿಲೋ ಲೆಕ್ಕದಲ್ಲಿ ಸೀಸವಾಗಿ ಮಾರಾಟವಾಗಿ ಕರಗಿಹೋಯಿತು. ಕರಗಿದ್ದನ್ನು ಹಿಂದಕ್ಕೆ ತರಲಾಗದು. ಆದರೆ ಎಲ್ಲವೂ ಹೋಗಿಲ್ಲ ಎಂಬುದೇ ಈ ಭವನ ನನಗೆ ಹೇಳಿದ ಸಿಹಿಸುದ್ದಿ. ಜೋಡಿಸಿದ ಬೆರಳುಗಳು ನಮ್ಮ ನಡುವೆ ಇವೆ, ಅವಕ್ಕೆ ಎಲ್ಲವೂ ನೆನಪಿದೆ, ಕಲಿಸಲು ಅವು ಕಾತರಿಸುತ್ತಿವೆ. ಬಳೇಪೇಟೆಯಲ್ಲಿ, ಧಾರವಾಡದಲ್ಲಿ, ನಿಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಳೆಯ ಟ್ರೆಡಲ್ಲುಗಳು ಇಂದಿಗೂ ಬಿಲ್ ಪುಸ್ತಕಕ್ಕೆ ಸಂಖ್ಯೆ ಹಾಕಲು, ರಸೀದಿಗೆ ತೂತಿನ ಸಾಲು ಹೊಡೆಯಲು, ಡಬ್ಬಿಯ ರಟ್ಟಿಗೆ ಮಡಿಕೆಗೆರೆ ಒತ್ತಲು ದುಡಿಯುತ್ತಿರಬಹುದು. ಬಾಗಿಲು ತಟ್ಟಿ ಕೇಳಿ. ಅಟ್ಟದ ಮೇಲೆ ಒಂದು ಕೇಸು ಧೂಳು ಹಿಡಿದು ಕೂತಿರಬಹುದು.

ಪ್ರದರ್ಶನ ನಡೆಸಿದವರಿಗೆ ಬೇಕಾದದ್ದು ಒಂದು ಭವನ, ನಾಲ್ಕು ಮೇಜು, ಕೆಲವು ಕೇಸು ಮೊಳೆ, ಒಂದು ಟ್ರೆಡಲ್ಲು, ಅದನ್ನು ತುಳಿಯಬಲ್ಲ ಒಬ್ಬರು ಹಿರಿಯರು. ಇಷ್ಟು ಕರ್ನಾಟಕದ ಯಾವ ಊರಿನಲ್ಲಿ ಕೂಡಿಬರುವುದಿಲ್ಲ? ಶಾಲೆಯ ಮಕ್ಕಳು ತಮ್ಮ ಊರಿನ ಹೆಸರನ್ನು ಒಮ್ಮೆ ಮೊಳೆಯಲ್ಲಿ ಎಣಿಸಲಿ. ಸಾಗರಕ್ಕೆ ಎಷ್ಟು, ಬಳ್ಳಾರಿಗೆ ಎಷ್ಟು, ಚಿಕ್ಕಬಳ್ಳಾಪುರಕ್ಕೆ ಎಷ್ಟು! ಕಲಿಸುವವರು ಇದ್ದಾರೆ, ಕಲಿಯುವವರು ತುದಿಗಾಲಲ್ಲಿ ನಿಂತಿದ್ದಾರೆ. ಇಬ್ಬರನ್ನೂ ಒಂದೇ ಕೇಸಿನ ಮುಂದೆ ಸೇರಿಸುವುದು ನಮ್ಮ ಪಾಲಿನ ಕೆಲಸ, ಅದನ್ನು ಈ ವರ್ಷವೇ ಮಾಡೋಣ. ಮುಂದಿನ ಪ್ರದರ್ಶನ ನಿಮ್ಮ ಊರಿನದಾಗಲಿ.