ಚೀನಾದ 1911ರ ಕ್ರಾಂತಿ ಮತ್ತು ‘ಜನ’ ಎಂಬ ಶಬ್ದದ ವ್ಯಾಪ್ತಿ

‘ಕ್ರಾಂತಿ’ ಎಂಬುದು ಹೆಜ್ಜೆಯಿಡು, ದಾಟು ಎಂಬರ್ಥದ ‘ಕ್ರಮ್’ ಧಾತುವಿನಿಂದ ನಿಷ್ಪನ್ನವಾದ ಶಬ್ದ. ಸೂರ್ಯನು ಒಂದು ರಾಶಿಯಿಂದ ಇನ್ನೊಂದು ರಾಶಿಗೆ ದಾಟುವುದನ್ನು ಸಂಕ್ರಾಂತಿಯೆನ್ನುವುದು ಸರ್ವವಿದಿತ. ಚೀನೀ ಭಾಷೆಯಲ್ಲಿ ಈ ಅರ್ಥಕ್ಕೆ ಸಲ್ಲುವ ‘ಗೆಮಿಂಗ್’ ಎಂಬ ಶಬ್ದದ ಹಿನ್ನೆಲೆ ಬೇರೆ. ‘ಮಿಂಗ್’ ಎಂದರೆ ಆಜ್ಞೆ; ‘ಗೆ’ ಎಂದರೆ ಬದಲಿಸು. ಅರಸನು ಸ್ವರ್ಗದ ಆಜ್ಞೆಯಿಂದ ಆಳುತ್ತಾನೆ, ಅವನು ಧರ್ಮಭ್ರಷ್ಟನಾದರೆ ಆ ಆಜ್ಞೆ ಇನ್ನೊಂದು ವಂಶಕ್ಕೆ ಸಲ್ಲುತ್ತದೆ ಎಂಬುದು ಅಲ್ಲಿನ ಪ್ರಾಚೀನ ನಂಬಿಕೆ. ಅಂದರೆ ‘ಗೆಮಿಂಗ್’ ಎಂಬುದು ಮೂಲತಃ ಅರಸರ ಬದಲಾವಣೆಯೇ ಹೊರತು ಅರಸೊತ್ತಿಗೆಯ ನಿರ್ಮೂಲನವಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಹಳೆಯ ಶಬ್ದಕ್ಕೆ ಹೊಸ ಅರ್ಥ ಕೂಡಿತು: ಆಜ್ಞೆ ಇನ್ನು ಯಾವ ವಂಶಕ್ಕೂ ಅಲ್ಲ, ಜನಕ್ಕೆ ಸಲ್ಲಬೇಕು. ಆದರೆ ‘ಜನ’ ಎಂದರೆ ಯಾರು? ಚೀನಾದ ಕ್ರಾಂತಿಯ ಕಠಿನತಮ ಪ್ರಶ್ನೆ ಇದೇ ಆಗಿತ್ತು.

1644ರಿಂದ ಚೀನಾವನ್ನು ಆಳುತ್ತಿದ್ದ ಚಿಂಗ್ ವಂಶ ಮಂಚೂ ಜನಾಂಗಕ್ಕೆ ಸೇರಿದ್ದು. ಪ್ರಜೆಗಳಲ್ಲಿ ಬಹುಸಂಖ್ಯಾತರು ಹಾನ್ ಜನ. ಗಂಡಸರೆಲ್ಲರೂ ತಲೆಯ ಮುಂಭಾಗವನ್ನು ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು 1645ರಲ್ಲಿ ಹೊರಟ ರಾಜಾಜ್ಞೆಯನ್ನು ಮೀರಿದವರಿಗೆ ಮರಣವೇ ಶಿಕ್ಷೆಯಾಗಿತ್ತು. ಜಡೆ ಹೀಗೆ ಅಧೀನತೆಯ ಗುರುತಾಯಿತು. ಮುಂದೆ ಅದನ್ನು ಕತ್ತರಿಸುವುದೇ ದಂಗೆಯ ಗುರುತೂ ಆಯಿತು. 1895ರಲ್ಲಿ ಜಪಾನಿನ ಕೈಯಲ್ಲಿ ಸೋಲು, 1901ರಲ್ಲಿ ವಿದೇಶೀ ರಾಷ್ಟ್ರಗಳು ಹೇರಿದ 45 ಕೋಟಿ ತೇಲ್ ಬೆಳ್ಳಿಯ ದಂಡ, ಇವುಗಳಿಂದ ಸಿಂಹಾಸನದ ಮರ್ಯಾದೆ ಕುಸಿಯಿತು. 1905ರಲ್ಲಿ ಪ್ರಾಚೀನವಾದ ಅಧಿಕಾರಿಪರೀಕ್ಷೆಗಳು ರದ್ದಾಗಲು ವಿದ್ಯಾವಂತ ತರುಣರಿಗೂ ರಾಜಸೇವೆಗೂ ಇದ್ದ ಹಳೆಯ ನಂಟು ಹರಿಯಿತು. ಅವರಲ್ಲಿ ಸಾವಿರಾರು ಮಂದಿ ವ್ಯಾಸಂಗಕ್ಕಾಗಿ ಜಪಾನಿಗೆ ತೆರಳಿದರು.

ಅಲ್ಲಿ ಅವರಿಗೆ ದೊರೆತ ಹೊಸ ಶಬ್ದಗಳಲ್ಲಿ ‘ಮಿನ್‌ತ್ಸು’ ಒಂದು. ‘ಮಿನ್’ ಎಂದರೆ ಜನ, ‘ತ್ಸು’ ಎಂದರೆ ಕುಲ. ರಾಷ್ಟ್ರವೆಂಬ ಕಲ್ಪನೆಯನ್ನು ಕುಲವೆಂಬ ಕಲ್ಪನೆಯೊಡನೆ ಬೆಸೆದ ಶಬ್ದವಿದು. 1905ರಲ್ಲಿ ಟೋಕಿಯೋದಲ್ಲಿ ಸನ್ ಯಾತ್ ಸೆನ್ನರ ನಾಯಕತ್ವದಲ್ಲಿ ‘ತುಂಗ್‌ಮೆಂಗ್‌ಹುಯಿ’ ಎಂಬ ಕ್ರಾಂತಿಸಂಘ ಸ್ಥಾಪಿತವಾಯಿತು. ರಾಷ್ಟ್ರೀಯತೆ, ಜನಾಧಿಕಾರ, ಜನಜೀವನ ಎಂಬ ತ್ರಿತತ್ತ್ವಗಳನ್ನು ಅವರು ಅದೇ ವರ್ಷ ಸಂಘದ ಪತ್ರಿಕೆಯಲ್ಲಿ ಸಾರಿದರು. ಆದರೆ ಸಂಘದ ಪ್ರತಿಜ್ಞೆಯಲ್ಲಿ ಮೊದಲು ಬಂದದ್ದು ಮಂಚೂಗಳನ್ನು ಹೊರಗಟ್ಟುವ ಮಾತು. ಇಪ್ಪತ್ತರೊಳಗಿನ ತರುಣ ತ್ಸೌ ರುಂಗ್ 1903ರಲ್ಲಿ ಪ್ರಕಟಿಸಿದ ‘ಕ್ರಾಂತಿಸೇನೆ’ ಎಂಬ ಕಿರುಹೊತ್ತಗೆ ಮಂಚೂದ್ವೇಷವನ್ನು ಪ್ರಜ್ವಲಿಸಿತ್ತು. ಅದಕ್ಕಾಗಿ ಬಂಧಿತನಾದ ಆತ 1905ರಲ್ಲಿ ಷಾಂಘೈ ಸೆರೆಮನೆಯಲ್ಲಿಯೇ ಮೃತನಾದ. ತಮ್ಮ ವಿರೋಧ ಮಂಚೂಗಳ ಪ್ರಭುತ್ವಕ್ಕೇ ಹೊರತು ಆ ಜನಾಂಗಕ್ಕಲ್ಲವೆಂದು ಸನ್ 1906ರಲ್ಲಿ ವಿವರಿಸಿದರು. ಈ ಸೂಕ್ಷ್ಮವನ್ನು ಭಾಷಣದಲ್ಲಿ ಹೇಳುವುದು ಸುಲಭ. ಉದ್ರಿಕ್ತರಾದ ಸಶಸ್ತ್ರ ಜನರಲ್ಲಿ ಉಳಿಸುವುದು ಸುಲಭವಲ್ಲ.

1911ರ ಮೇ ತಿಂಗಳಲ್ಲಿ ಸರ್ಕಾರ ಪ್ರಾಂತೀಯ ರೈಲ್ವೆಯೋಜನೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ವಿದೇಶೀ ಬ್ಯಾಂಕುಗಳಿಂದ ಸಾಲವೆತ್ತಿತು. ಹಣ ತೊಡಗಿಸಿದ್ದ ಸಿಚುವಾನ್ ಪ್ರಾಂತದ ಜನ ಸಿಡಿದೆದ್ದರು. ಅವರನ್ನು ಅಡಗಿಸಲು ನೆರೆಯ ಹೂಬೆಯಿಂದ ಸೈನ್ಯ ಹೋಯಿತು. ಹೂಬೆಯಲ್ಲಿ ಉಳಿದ ಸೈನಿಕರಲ್ಲಿ ಅನೇಕರು ಗುಪ್ತಸಂಘಗಳ ಸದಸ್ಯರು. ಅಕ್ಟೋಬರ್ 9ರಂದು ಹಾಂಕೌ ನಗರದಲ್ಲಿ ಕ್ರಾಂತಿಕಾರರ ಬಾಂಬೊಂದು ಆಕಸ್ಮಿಕವಾಗಿ ಸಿಡಿದು ಗುಟ್ಟು ಬಯಲಾಯಿತು. ಇನ್ನು ಕಾಯುವಂತಿಲ್ಲವೆಂದು ಸೈನಿಕರು ಮರುದಿನ ಎದುರಿನ ವೂಚಾಂಗ್ ನಗರದಲ್ಲಿ ದಂಗೆಯೆದ್ದರು. ಸನ್ ಆಗ ಅಮೆರಿಕದಲ್ಲಿದ್ದು ವಾರ್ತೆಯನ್ನು ವೃತ್ತಪತ್ರಿಕೆಯಿಂದ ತಿಳಿದರು. ಪ್ರಾಂತಗಳು ಒಂದಾದ ಮೇಲೊಂದು ಸಿಂಹಾಸನದಿಂದ ಬೇರ್ಪಟ್ಟವು. 1912ರ ಜನವರಿ 1ರಂದು ನಾನ್‌ಕಿಂಗಿನಲ್ಲಿ ಸನ್ ತಾತ್ಕಾಲಿಕ ಅಧ್ಯಕ್ಷರಾದರು. ಫೆಬ್ರವರಿ 12ರಂದು ಆರು ವರ್ಷದ ಬಾಲಚಕ್ರವರ್ತಿ ಪೂಯಿಯ ಪದತ್ಯಾಗ ಘೋಷಿತವಾಯಿತು.

ಈ ವಿಜಯದ ನೆರಳಿನಲ್ಲೊಂದು ದಾರುಣ ಘಟನೆಯಿದೆ. 1911ರ ಅಕ್ಟೋಬರಿನಲ್ಲಿ ಷೀಆನ್ ನಗರದ ಮಂಚೂ ವಸತಿ ಕ್ರಾಂತಿಕಾರರ ಕೈವಶವಾದಾಗ ಸಾವಿರಾರು ಮಂಚೂಗಳು, ಹೆಂಗಸರು ಮಕ್ಕಳೆಂಬ ಭೇದವಿಲ್ಲದೆ, ಹತರಾದರು. ದೊರೆಯ ಅಪರಾಧಕ್ಕೆ ದೊರೆಯ ಕುಲದ ಕೂಸೂ ತಲೆಕೊಡಬೇಕಾಯಿತು. ‘ಜನ’ ಎಂಬ ಶಬ್ದವನ್ನು ‘ಕುಲ’ದ ಅಳತೆಗೆ ಕುಗ್ಗಿಸಿದುದರ ಫಲವಿದು.

ಗಣರಾಜ್ಯ ಸ್ಥಾಪಿತವಾದೊಡನೆ ಇನ್ನೊಂದು ತೊಡಕು ಎದುರಾಯಿತು. ಮಂಗೋಲರೂ ಟಿಬೆಟ್ಟಿನವರೂ ನಂಟು ಬೆಳೆಸಿದ್ದುದು ಮಂಚೂ ಸಿಂಹಾಸನದೊಡನೆ. ರಾಷ್ಟ್ರವು ಹಾನ್ ಕುಲದ ಸ್ವತ್ತಾದರೆ ತಮಗೆ ಅಲ್ಲೇನು ಸ್ಥಾನವೆಂಬುದು ಅವರ ಪ್ರಶ್ನೆ. 1911ರ ಡಿಸೆಂಬರಿನಲ್ಲಿ ಮಂಗೋಲಿಯ ಸ್ವಾತಂತ್ರ್ಯ ಘೋಷಿಸಿಕೊಂಡಿತು. 1913ರಲ್ಲಿ ಹದಿಮೂರನೆಯ ದಲೈ ಲಾಮಾ ಅಂತಹುದೇ ಘೋಷಣೆ ಹೊರಡಿಸಿದರು. ಹಾನ್, ಮಂಚೂ, ಮಂಗೋಲ್, ಹುಯಿ, ಟಿಬೆಟ್ ಎಂಬ ಐದು ಜನಾಂಗಗಳ ಐಕ್ಯವನ್ನು ಸಾರುವ ಪಂಚವರ್ಣದ ಧ್ವಜವನ್ನು ಗಣರಾಜ್ಯ ಎತ್ತಿಹಿಡಿದುದು ಈ ಸಂದರ್ಭದಲ್ಲಿಯೇ. ನಿನ್ನೆಯವರೆಗೆ ಹೊರಗಟ್ಟಬೇಕಾಗಿದ್ದವರು ಇಂದು ಧ್ವಜದ ಒಂದು ಬಣ್ಣವಾದರು. ಬಟ್ಟೆಯ ಮೇಲೆ ಮೂಡಿದ ಐಕ್ಯ ಮನಸ್ಸಿನಲ್ಲಿ ಮೂಡಲು ಅಷ್ಟು ಅಲ್ಪಾವಧಿ ಸಾಲದು.

ಜನಾಧಿಕಾರದ ಗತಿಯೂ ಭಿನ್ನವಾಗಲಿಲ್ಲ. ಸೇನಾಬಲ ಹೊಂದಿದ್ದ ಯುವಾನ್ ಷಿಕಾಯ್‌ಗೆ ಸನ್ ಅಧ್ಯಕ್ಷಪದವಿಯನ್ನು ಬಿಟ್ಟುಕೊಟ್ಟರು. ಚುನಾವಣೆಯಲ್ಲಿ ಗೆದ್ದ ಪಕ್ಷದ ನಾಯಕ ಸುಂಗ್ ಚಿಯಾವೊರೆನ್ 1913ರಲ್ಲಿ ಷಾಂಘೈ ರೈಲುನಿಲ್ದಾಣದಲ್ಲಿ ಗುಂಡಿಗೆ ಬಲಿಯಾದರು. 1915ರ ಕೊನೆಯಲ್ಲಿ ಯುವಾನ್ ತಾನೇ ಚಕ್ರವರ್ತಿಯೆಂದು ಸಾರಿಕೊಂಡು, ವಿರೋಧಕ್ಕೆ ಮಣಿದು ಕೆಲವೇ ತಿಂಗಳಲ್ಲಿ ಹಿಂಜರಿದ. ‘ಗೆಮಿಂಗ್’ ಮತ್ತೆ ತನ್ನ ಹಳೆಯ ಅರ್ಥಕ್ಕೇ ಜಾರಿಬೀಳುವ ಹಂತ ತಲಪಿತ್ತು.

1924ರಲ್ಲಿ ಸನ್‌ರ ಪಕ್ಷ ರಾಷ್ಟ್ರೀಯತೆಗೆ ಎರಡು ಅರ್ಥಗಳನ್ನು ನಿರ್ದೇಶಿಸಿತು: ವಿದೇಶೀ ದಬ್ಬಾಳಿಕೆಯಿಂದ ಚೀನಾದ ವಿಮೋಚನೆ, ಚೀನಾದೊಳಗಣ ಸಕಲ ಜನಾಂಗಗಳ ಸಮಾನತೆ. ಮರುವರ್ಷ ಮಾರ್ಚ್ 12ರಂದು ಸನ್ ತೀರಿಕೊಂಡರು. ಆ ಎರಡು ಅರ್ಥಗಳಲ್ಲಿ ಮೊದಲನೆಯದಕ್ಕೆ ಶತ್ರುವೊಬ್ಬನು ಹೊರಗೆ ಕಾಣುತ್ತಾನೆ. ಆದಕಾರಣ ಜನ ಬೇಗ ಒಂದಾಗುತ್ತಾರೆ. ಎರಡನೆಯದಕ್ಕೆ ಬೇಕಾದುದು ತನ್ನ ಮನಸ್ಸಿನ ಎಲ್ಲೆಯನ್ನು ತಾನೇ ದಾಟುವ ಶಕ್ತಿ. ‘ಕ್ರಾಂತಿ’ ಎಂಬ ಶಬ್ದದ ಧಾತ್ವರ್ಥ ಪೂರ್ಣವಾಗಿ ಸಲ್ಲುವುದು ಆ ದಾಟುವಿಕೆಗೇ.