ಉಬ್ಬಸ ನಿಂತ ಮೇಲೂ ಉಳಿಯುವ ಬಾವು

ಮಗುವಿನ ಉಬ್ಬಸ ನಿಂತಿತೆಂದು ತಾವಾಗಿಯೇ ಇನ್‌ಹೇಲರ್ ಬಿಡಿಸುವ ತಂದೆ-ತಾಯಂದಿರು ನಮ್ಮಲ್ಲಿ ಬಹಳ. ಅದು ಚಟವಾಗಿಬಿಡುತ್ತದೆ ಎಂಬ ಭಯ. ಹೆಣ್ಣುಮಗುವಾದರೆ ನಾಳೆ ಸಂಬಂಧ ನೋಡಲು ಬರುವವರು ಏನೆಂದಾರು ಎಂಬ ಚಿಂತೆ ಬೇರೆ. ಆದರೆ ಎದೆಯ ಸದ್ದು ಅಡಗಿದರೂ ಶ್ವಾಸನಾಳದ ಒಳಗೆ ಬಾವು ಉಳಿದಿರಬಹುದು.

ಅದನ್ನು ತಿಳಿಯಲು ಸೂಜಿ ಚುಚ್ಚದ ಒಂದು ಪರೀಕ್ಷೆಯಿದೆ. ವೈದ್ಯರು ಅದನ್ನು ಫೆನೊ ಎನ್ನುತ್ತಾರೆ. ಅಲರ್ಜಿಯಿಂದ ಬಾತ ಶ್ವಾಸನಾಳ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೆಚ್ಚಾಗಿ ಹೊರಬಿಡುತ್ತದೆ. ಯಂತ್ರ ಅದನ್ನು ಅಳೆಯುತ್ತದೆ. ಮಗು ಉಸಿರು ತುಂಬಿಕೊಂಡು ಕೊಳವೆಗೆ ಒಂದೇ ಸಮನೆ ಸುಮಾರು 6 ಸೆಕೆಂಡು ಊದಬೇಕು. ಬಲೂನಿಗೆ ಊದುವಂತೆ ಜೋರಾಗಿ ಅಲ್ಲ, ಬಿಸಿ ಚಹಾ ಆರಿಸುವಂತೆ. ಅದಕ್ಕೆ ಮೊದಲು ಒಂದು ಗಂಟೆ ಏನೂ ತಿನ್ನಿಸಬೇಡಿ. ಬೀಟ್‌ರೂಟ್, ಪಾಲಕ್ ಅಂಕಿಯನ್ನು ಏರಿಸುತ್ತವೆ.

12 ವರ್ಷದೊಳಗಿನ ಮಕ್ಕಳಲ್ಲಿ, ಉಸಿರಿನ ನೂರು ಕೋಟಿ ಭಾಗದಲ್ಲಿ ಈ ಅನಿಲ 20ಕ್ಕಿಂತ ಕಡಿಮೆಯಿದ್ದರೆ ಅಂಥ ಬಾವಿನ ಸಂಭವ ಕಡಿಮೆ. 35 ದಾಟಿದರೆ ಬಾವು ಇರುವ, ಸ್ಟೀರಾಯ್ಡ್ ಇನ್‌ಹೇಲರ್ ಫಲ ಕೊಡುವ ಸಂಭವ ಹೆಚ್ಚು. ಔಷಧಿ ಕೊಡುತ್ತಿದ್ದೂ ಹೀಗೆ ಬಂದರೆ, ಮಗು ಅದನ್ನು ದಿನವೂ ಸರಿಯಾಗಿ ಎಳೆದುಕೊಳ್ಳುತ್ತಿದೆಯೇ ಎಂದು ಮೊದಲು ನೋಡಬೇಕು. ಮೂಗಿನ ಅಲರ್ಜಿಯಿಂದಲೂ ಅಂಕಿ ಏರುವುದುಂಟು; ಇದೊಂದರಿಂದಲೇ ಆಸ್ತಮಾ ಎಂದು ತೀರ್ಮಾನವಿಲ್ಲ.

ಈ ಯಂತ್ರ ಎಲ್ಲ ಊರಲ್ಲೂ ಇಲ್ಲ. ಪರೀಕ್ಷೆ ಸಿಗದಿದ್ದರೂ, ಔಷಧಿ ಯಾವಾಗ ನಿಲ್ಲಿಸಬೇಕೆಂದು ವೈದ್ಯರು ಹೇಳಲಿ, ನೆರೆಮನೆಯವರಲ್ಲ. ಲೋಬಾನದ ಹೊಗೆಯನ್ನಂತೂ ಅಂಥ ಮಗುವಿರುವ ಮನೆಯಲ್ಲಿ ಇಂದೇ ನಿಲ್ಲಿಸಿ.